ಗೋದಲಿಯಲ್ಲಿ ಮಗುವಿನ ಕೈಗುರುತು ಇರಲಿ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಅಂಗಡಿಗಳ ಮುಂದೆ ಬಣ್ಣಬಣ್ಣದ ನಕ್ಷತ್ರಗಳು ತೂಗಾಡುತ್ತವೆ. ಕ್ರಿಸ್ತಜನನದ ದೃಶ್ಯವಾದ ಗೋದಲಿಯ ಬೊಂಬೆಗಳೂ ಪೆಟ್ಟಿಗೆ ಸಮೇತ ಸಿಗುತ್ತವೆ. ಕೊಳ್ಳುವುದು ತಪ್ಪಲ್ಲ. ಆದರೆ ಮನೆಯಲ್ಲಿ ಎರಡರಿಂದ ಆರು ವರ್ಷದ ಮಗುವಿದ್ದರೆ, ಕ್ರಿಸ್ಮಸ್ಸಿನ ಅಲಂಕಾರದಲ್ಲಿ ಸ್ವಲ್ಪವಾದರೂ ಅದರ ಕೈಯಿಂದಲೇ ಆಗಲಿ. ಎಳೆಯ ತಾಯಿ ತಂದೆಯರಿಗೆ ಹಿರಿಯಳಾಗಿ ನಾನು ಹೇಳುವ ಮಾತು ಇದು.

ಮೊದಲನೆಯದಾಗಿ, ಕೆಲಸವನ್ನು ಹಬ್ಬದ ಮುನ್ನಾದಿನಕ್ಕೆ ಉಳಿಸಿಕೊಳ್ಳಬೇಡಿ. ಆವತ್ತು ಒಲೆಯ ಮೇಲೆ ಎಣ್ಣೆ ಕಾಯುತ್ತಿರುತ್ತದೆ, ನಿಮ್ಮ ತಾಳ್ಮೆಯೂ ಮುಗಿದಿರುತ್ತದೆ. ಹಬ್ಬಕ್ಕೆ ಮುಂಚಿನ ಆಗಮನ ಕಾಲದಲ್ಲಿ ನಾಲ್ಕು ಭಾನುವಾರಗಳಿವೆ. ಭಾನುವಾರಕ್ಕೊಂದು ಕೆಲಸ ಸಾಕು. ಒಂದು ಸಲಕ್ಕೆ ಅರ್ಧ ಗಂಟೆ ದಾಟಿಸಬೇಡಿ. ಮಗು ಎದ್ದು ಓಡಿದರೆ ಓಡಲಿ.

ಮೊದಲ ಭಾನುವಾರ ಶುಭಾಶಯದ ಕಾರ್ಡು ಮಾಡಿ. ಅಂಚೆಯಲ್ಲಿ ದೂರದ ಊರಿಗೆ ತಲುಪಬೇಕಲ್ಲ, ಅದಕ್ಕೇ ಇದು ಮೊದಲು. ಬಲಿತ ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿದ ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿಸಿ. ಐದು ಮೂಲೆಯ ನಕ್ಷತ್ರ ತಾನಾಗಿ ಮೂಡುತ್ತದೆ. ಬ್ರಷ್ ಹಿಡಿಯಲು ಬಾರದ ಎರಡು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಹಸಿರು ಬಣ್ಣ ಬಳಿದ ಅಂಗೈಗಳನ್ನು ಒಂದರ ಕೆಳಗೊಂದು ಒತ್ತಿಸಿದರೆ ಕ್ರಿಸ್ಮಸ್ ಮರವಾಗುತ್ತದೆ.

ಎರಡನೆಯ ಭಾನುವಾರ ಮಣ್ಣಿನ ಕೆಲಸ. ಜೇಡಿಮಣ್ಣು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು ಸೇರಿಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಕುರಿ, ಹಸು, ಕುರುಬ, ಏನು ಬೇಕಾದರೂ ಮಾಡಲಿ. ಕುರಿಗೆ ಹತ್ತಿ ಅಂಟಿಸಿದರೆ ಉಣ್ಣೆ. ಉಪ್ಪು ತೇವ ಎಳೆಯುವುದರಿಂದ ಕರಾವಳಿಯ ಹವೆಯಲ್ಲಿ ಹಿಟ್ಟಿನ ಬೊಂಬೆ ಬೇಗ ಮೆತ್ತಗಾಗುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಮೇಲೊಂದು ಕೈ ವಾರ್ನಿಷ್ ಬಳಿಯಿರಿ. ವಾರ್ನಿಷ್ ಹಚ್ಚುವ ಕೆಲಸ ಮಾತ್ರ ದೊಡ್ಡವರದು.

ಮೂರನೆಯ ಭಾನುವಾರ ರಾಗಿಯನ್ನೋ ಭತ್ತವನ್ನೋ ಹಿಂದಿನ ದಿನವೇ ನೆನೆಸಿಟ್ಟು, ಅಗಲ ತಟ್ಟೆಯ ಮಣ್ಣಿನಲ್ಲಿ ಬಿತ್ತಿಸಿ. ದಿನಾ ನೀರು ಚಿಮುಕಿಸುವ ಹೊಣೆ ಮಗುವಿನದೇ ಆಗಲಿ. ಹಬ್ಬದ ಹೊತ್ತಿಗೆ ಗೋದಲಿಗೆ ಹಸಿರು ಹುಲ್ಲುಗಾವಲು ಸಿದ್ಧ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುವ ಮಗುವಿಗೆ, ದಿನವೂ ಏಳುತ್ತಿರುವ ಮೊಳಕೆಯನ್ನು ತೋರಿಸಬಹುದು.

ನಾಲ್ಕನೆಯ ಭಾನುವಾರ ಹಬ್ಬದ ತಿಂಡಿಗಳಾದ ಕುಸ್ವಾರದ ಜೊತೆಗೇ ಕಲೆಯೂ ನಡೆಯಲಿ. ಕಿಡಿಯೊ ಎಂಬ ಕರಿದ ತಿಂಡಿ ಮಾಡುವಾಗ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತುವುದು ಪುಟ್ಟ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ. ಕರಿಯುವುದು ನಿಮ್ಮದು, ಒಲೆಯ ಹತ್ತಿರ ಮಗು ಬೇಡ. ಆಮೇಲೆ ಎಲ್ಲರೂ ಕೂತು ಗೋದಲಿ ಕಟ್ಟಿ. 24ರ ರಾತ್ರಿ ಬಾಲಯೇಸುವನ್ನು ಮಗುವಿನ ಕೈಯಿಂದಲೇ ಇಡಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಮಗು ಮಾಡಿದ್ದನ್ನು ತಿದ್ದಬೇಡಿ. ಕುರಿಗೆ ಮೂರೇ ಕಾಲಿರಲಿ, ದೇವದೂತ ನೇರಳೆ ಬಣ್ಣದವನಾಗಿರಲಿ. ಮಗು ಮಲಗಿದ ಮೇಲೆ ನೀವು ಕೂತು ಸರಿಪಡಿಸಿದರೆ ಬೆಳಿಗ್ಗೆ ಅದಕ್ಕೆ ಗೊತ್ತಾಗುತ್ತದೆ. ತನ್ನದು ಸಾಲದು ಎಂಬ ಪಾಠ ಅದು. ಆ ಪಾಠ ಕಲಿತ ಮಗು ಮುಂದಿನ ವರ್ಷ ‘ನೀವೇ ಮಾಡಿ’ ಎನ್ನುತ್ತದೆ. ‘ಇದೇನು?’ ಎಂದು ಕೇಳುವುದಕ್ಕಿಂತ ‘ಇದರ ಕತೆ ಹೇಳು’ ಎನ್ನಿ. ಪಕ್ಕದ ಮನೆಯ ಮಗುವಿನದರ ಜೊತೆ ಹೋಲಿಸಬೇಡಿ. ಅಚ್ಚುಕಟ್ಟಾಗಿಲ್ಲ ಎಂಬ ಚಿಂತೆಯೂ ಬೇಡ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್ತಜನನದ ದೃಶ್ಯ ಕಟ್ಟಿದಾಗ ಅಲ್ಲಿದ್ದದ್ದು ಹುಲ್ಲು ತುಂಬಿದ ಮೇವುತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಕೈಗೆ ಸಿಕ್ಕಿದ್ದರಿಂದಲೇ ಕಟ್ಟುವುದು ಗೋದಲಿಯ ಹಳೆಯ ರೀತಿ. ಅಲ್ಲಿ ನಿಮ್ಮ ಮಗುವಿನ ವಕ್ರ ಕುರಿಗೂ ಜಾಗವಿದೆ, ಅದನ್ನು ಮುಂದಿನ ಸಾಲಿನಲ್ಲೇ ಇಡಿ.

ಕೆಲವು ಎಚ್ಚರಿಕೆಗಳು. ಮಿಂಚಿನ ಪುಡಿ ಕಣ್ಣಿಗೆ ಬೀಳುತ್ತದೆ, ಪುಟ್ಟ ಮಕ್ಕಳಿಗೆ ಬೇಡ. ಉಪ್ಪುಹಿಟ್ಟು ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಅಷ್ಟು ಉಪ್ಪು ಮಗುವಿನ ಮೈಗೆ ಅಪಾಯ. ಮಿನುಗುವ ಆಟಿಕೆ ದೀಪಗಳಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ಅದು ಕೈಗೆಟುಕದಿರಲಿ. ಕಾಗದದ ನಕ್ಷತ್ರದೊಳಗೆ ಮೇಣದ ಬತ್ತಿ ಬೇಡ, ಹೆಚ್ಚು ಬಿಸಿಯಾಗದ ಎಲ್‌ಇಡಿ ಬಲ್ಬು ಹಾಕಿ.

ಮಾಡಿದ್ದೆಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ನೆರೆಮನೆಗೆ ಕುಸ್ವಾರದ ತಟ್ಟೆ ಹೋಗುವಾಗ ಮೇಲೊಂದು ಬೆಂಡೆಕಾಯಿ ಅಚ್ಚಿನ ಕಾರ್ಡು ಇರಲಿ, ತಟ್ಟೆ ಹಿಡಿದು ಹೋಗುವುದೂ ಮಗುವೇ ಆಗಲಿ. ಪ್ರತಿಯೊಂದರ ಹಿಂದೆ ಹೆಸರು, ವಯಸ್ಸು, ಇಸವಿ ಬರೆಯಿರಿ. ಒಂದೆರಡನ್ನು ತೆಗೆದಿಟ್ಟು, ಮುಂದಿನ ವರ್ಷವೂ ಗೋದಲಿಯಲ್ಲಿ ಇಡಿ. ಈ ಭಾನುವಾರವೇ ಹಳೆ ಪತ್ರಿಕೆ ಹಾಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿ.