ಕೆಚ್ಚಲು ಬಾವಿನ ಗೊಂಚಲುಜೀವಿ

ನಮ್ಮ ನಗರದ ಮನೆಗಳಿಗೆ ಹಾಲು ಚೀಲಗಳಲ್ಲಿ ಬರುತ್ತದೆ. ಅದನ್ನು ಕೊಟ್ಟ ಕೆಚ್ಚಲನ್ನು ಹತ್ತಿರದಿಂದ ಕಂಡವರು ನಮ್ಮಲ್ಲಿ ಕೆಲವರು ಮಾತ್ರ. ಕರೆಯುವ ಹಸು ಎಮ್ಮೆಗಳನ್ನು ಪೀಡಿಸುವ ರೋಗಗಳಲ್ಲಿ ಕೆಚ್ಚಲು ಬಾವು ಮುಖ್ಯವಾದುದು. ಅದನ್ನುಂಟುಮಾಡುವ ಅಣುಜೀವಿಗಳು ಹಲವು. ಅವುಗಳಲ್ಲಿ ಬಲು ಹಟಮಾರಿಯಾದ ಸ್ಟೆಫಿಲೊಕಾಕಸ್ ಆರಿಯಸ್ ಎಂಬುದನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಹೆಸರಿನಲ್ಲಿಯೇ ಅದರ ಅರ್ಧ ಗುರುತು ಅಡಗಿದೆ. 1880ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ದುಂಡನೆಯ ಜೀವಿಗಳು ಗೊಂಚಲುಗೊಂಚಲಾಗಿ ಕಂಡವು. ಗ್ರೀಕ್ ಭಾಷೆಯಲ್ಲಿ ‘ಸ್ಟೆಫಿಲೆ’ ಎಂದರೆ ದ್ರಾಕ್ಷಿಯ ಗೊಂಚಲು, ‘ಕಾಕಸ್’ ಎಂದರೆ ಕಾಳು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಎಂಬಾತನು ಹೊಂಬಣ್ಣದ ಬಗೆಗೆ ‘ಆರಿಯಸ್’ ಎಂದು ಹೆಸರಿಟ್ಟನು. ಈ ಜೀವಿಯ ಅಡ್ಡಳತೆ ಸುಮಾರು ಒಂದು ಮೈಕ್ರೊಮೀಟರ್. ಸಾವಿರವನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು.

ಪರೀಕ್ಷೆಗೆ ಹಾಲನ್ನು ಹಿಡಿಯುವುದರಲ್ಲಿಯೇ ಎಚ್ಚರ ಬೇಕು. ಮೊಲೆತೊಟ್ಟನ್ನು ತೊಳೆದು, ಒರೆಸಿ, ಸ್ಪಿರಿಟ್ಟಿನಿಂದ ಶುದ್ಧಗೊಳಿಸಿ, ಮೊದಲ ಕೆಲವು ಧಾರೆಗಳನ್ನು ಚೆಲ್ಲಿದ ಬಳಿಕವೇ ಶುದ್ಧವಾದ ನಳಿಕೆಗೆ ಹಾಲು ಹಿಡಿಯಬೇಕು. ಇಲ್ಲವಾದರೆ ಚರ್ಮದ ಮೇಲಣ ಜೀವಿಗಳೂ ಸೇರಿಕೊಂಡು ಪರೀಕ್ಷಕನನ್ನು ದಾರಿ ತಪ್ಪಿಸುವುವು.

ಆ ಹಾಲನ್ನು ರಕ್ತ ಬೆರೆಸಿದ ಅಗಾರಿನ ಮೇಲೆ ಗೀರಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇಟ್ಟರೆ ನುಣುಪಾದ, ಉಬ್ಬಿದ ಬೊಟ್ಟುಗಳು ಮೂಡುತ್ತವೆ. ಹಲವು ವೇಳೆ ಅವು ಹೊಂಬಣ್ಣದವು; ಆದರೆ ಬಣ್ಣವೊಂದನ್ನೇ ನಂಬಲಾಗದು, ಬಿಳುಪಾಗಿರುವುದೂ ಉಂಟು. ಅದಕ್ಕಿಂತ ಸ್ವಾರಸ್ಯವಾದುದು ಬೊಟ್ಟಿನ ಸುತ್ತಣ ವಲಯ. ಹಸುವಿನಿಂದ ಬಂದ ತಳಿಗಳು ಅನೇಕ ವೇಳೆ ಎರಡು ಬಗೆಯ ವಿಷಗಳನ್ನು ಸ್ರವಿಸಿ ರಕ್ತಕಣಗಳನ್ನು ಒಡೆಯುತ್ತವೆ. ಆಗ ಒಳಗಡೆ ತಿಳಿಯಾದ ವಲಯ, ಹೊರಗಡೆ ಮಸುಕಾದ ವಲಯ, ಹೀಗೆ ಎರಡು ಬಳೆಗಳು ಕಾಣುತ್ತವೆ. ತಟ್ಟೆಯನ್ನು ಶೀತದಲ್ಲಿಟ್ಟರೆ ಹೊರಬಳೆ ಇನ್ನೂ ತಿಳಿಯಾಗುವುದು.

ಗ್ರಾಮ್ ವಿಧಾನದಿಂದ ಬಣ್ಣ ಹಾಕಿದಾಗ ಇವು ಮದ್ಯಸಾರದಲ್ಲಿ ತೊಳೆದರೂ ನೇರಳೆ ಬಣ್ಣವನ್ನು ಬಿಡವು. ಕೆಚ್ಚಲು ಬಾವಿನ ಇನ್ನೊಂದು ಕಾರಣವಾದ ಸ್ಟ್ರೆಪ್ಟೊಕಾಕಸ್ ಕೂಡ ನೇರಳೆಯೇ, ದುಂಡೇ. ಇವೆರಡನ್ನು ಬೇರ್ಪಡಿಸಲು ಹೈಡ್ರೋಜನ್ ಪೆರಾಕ್ಸೈಡಿನ ಒಂದು ತೊಟ್ಟು ಸಾಕು: ಸ್ಟೆಫಿಲೊಕಾಕಸ್ ಆದರೆ ಕೆಟಲೇಸ್ ಎಂಬ ಕಿಣ್ವದ ಬಲದಿಂದ ನೊರೆಗುಳ್ಳೆಗಳೇಳುತ್ತವೆ, ಸ್ಟ್ರೆಪ್ಟೊಕಾಕಸ್ ಆದರೆ ಏಳವು. ಬೊಟ್ಟನ್ನೆತ್ತುವಾಗ ಅಗಾರಿನ ರಕ್ತ ತಾಗಬಾರದು. ರಕ್ತಕಣಗಳಲ್ಲಿಯೂ ಅದೇ ಕಿಣ್ವವಿದೆ.

ಮುಖ್ಯವಾದ ಪರೀಕ್ಷೆ ಇನ್ನೂ ಉಳಿದಿದೆ. ಮೊಲದ ರಕ್ತದ ಪ್ಲಾಸ್ಮದಲ್ಲಿ ಈ ಜೀವಿಯನ್ನು ಕಲಸಿ ಬೆಚ್ಚಗಿಟ್ಟರೆ ಸಾಮಾನ್ಯವಾಗಿ ನಾಲ್ಕು ಗಂಟೆಗಳೊಳಗೆ ಅದು ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿಸುವ ವಸ್ತುವಿಗೆ ಕೊಯಾಗ್ಯುಲೇಸ್ ಎಂದು ಹೆಸರು. ಚರ್ಮದ ಮೇಲೆ ವಾಸಿಸುವ ಸೌಮ್ಯ ಸ್ಟೆಫಿಲೊಕಾಕಸ್‌ಗಳಲ್ಲಿ ಬಹುಪಾಲಿಗೆ ಈ ಶಕ್ತಿಯಿಲ್ಲ. ಆದರೆ ಇಲ್ಲಿಯೂ ಒಂದು ತೊಡಕುಂಟು: ಹಂದಿಮರಿಗಳ ಚರ್ಮರೋಗಕ್ಕೆ ಕಾರಣವಾದ, ಹಸುವಿನ ಹಾಲಿನಲ್ಲಿಯೂ ದೊರೆಯುವ ಸ್ಟೆಫಿಲೊಕಾಕಸ್ ಹೈಕಸ್‌ನ ಕೆಲವು ತಳಿಗಳೂ ನಿಧಾನವಾಗಿ ಹೆಪ್ಪುಗಟ್ಟಿಸುತ್ತವೆ. ಆದರೆ ಅದು ರಕ್ತಕಣಗಳನ್ನು ಒಡೆಯದು. ಶೇಕಡ 7.5 ಉಪ್ಪು ಬೆರೆತ ಮ್ಯಾನಿಟಾಲ್ ಅಗಾರಿನಲ್ಲಿ ಆರಿಯಸ್ ಆಮ್ಲವನ್ನುಂಟುಮಾಡಿ ಕೆಂಪನ್ನು ಹಳದಿಗೆ ತಿರುಗಿಸಿದರೆ ಹೈಕಸ್ ಹಾಗೆ ಮಾಡದು.

ಇಷ್ಟು ಶ್ರಮವೇಕೆಂದು ಕೇಳಬಹುದು. ಈ ಜೀವಿ ಕೆಚ್ಚಲಲ್ಲಿ ತಿಂಗಳುಗಟ್ಟಲೆ ಅಡಗಿದ್ದರೂ ಹಸು ಮೇಯುತ್ತಿರುತ್ತದೆ, ಹಾಲು ಬೆಳ್ಳಗೇ ಇರುತ್ತದೆ. ಕುದಿಸಿದರೆ ಜೀವಿ ಸಾಯುತ್ತದೆ. ಆದರೆ ಕರೆದ ಹಾಲನ್ನು ಗಂಟೆಗಟ್ಟಲೆ ಸೆಕೆಯಲ್ಲಿಟ್ಟಾಗ ಕೆಲವು ತಳಿಗಳು ಅದರಲ್ಲಿ ಸ್ರವಿಸುವ, ವಾಂತಿ ತರುವ ವಿಷವು ಕುದಿತಕ್ಕೂ ಅಳಿಯದು. ಅನೇಕ ತಳಿಗಳು ಪೆನಿಸಿಲಿನ್ನನ್ನು ಒಡೆಯಬಲ್ಲವಾದುದರಿಂದ ಔಷಧವನ್ನು ಆರಿಸುವ ಮುನ್ನ ಅದನ್ನೂ ಪರೀಕ್ಷಿಸಬೇಕಾಗುತ್ತದೆ.

ಜೀವಿಯು ಹಾಲಿನಲ್ಲಿ ದಿನವೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದುದರಿಂದ ಒಮ್ಮೆ ಸಿಗದಿದ್ದರೆ ಪಶುವೈದ್ಯರು ಕೆಲವು ದಿನ ಬಿಟ್ಟು ಮತ್ತೆ ಹಾಲು ತರಿಸುತ್ತಾರೆ. ರೋಗ ಖಚಿತವಾದ ಹಸುವನ್ನು ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಕರೆಯುವರು; ಏಕೆಂದರೆ ಒಂದು ಕೆಚ್ಚಲಿನಿಂದ ಇನ್ನೊಂದಕ್ಕೆ ಈ ಜೀವಿಯನ್ನು ಒಯ್ಯುವುದು ಹೆಚ್ಚಾಗಿ ಕರೆಯುವವರ ಕೈಯೇ.