ಹಾಸಿಗೆಯ ಧೂಳಿಗೆ ಮೂವತ್ತೊಂದು ಸಾವಿರ

ಬೆಳಗ್ಗೆ ಎದ್ದ ಕೂಡಲೇ ಸಾಲುಗಟ್ಟಿ ಸೀನು, ರಾತ್ರಿಯೆಲ್ಲ ಕಟ್ಟಿದ ಮೂಗು. ಮನೆಯಲ್ಲಿ ಒಬ್ಬರಿಗೆ ಹೀಗಾದರೂ ಸಾಕು, ಈಗ ಮೊದಲು ನೆನಪಾಗುವುದು ಏರ್ ಪ್ಯೂರಿಫೈಯರ್. ನಾನೂ ಕೊಂಡವನೇ, ಕೊಳ್ಳುವ ಮೊದಲು ಹಾಕಬೇಕಿದ್ದ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಅಂಗಡಿಯಲ್ಲಿ 15,000 ರೂಪಾಯಿ ಕೊಟ್ಟರೆ ಖರ್ಚು ಮುಗಿಯುವುದಿಲ್ಲ. ಯಂತ್ರ ಐದು ವರ್ಷ ಬಾಳುತ್ತದೆ ಎನ್ನೋಣ. ವರ್ಷಕ್ಕೊಂದು ಹೆಪಾ ಫಿಲ್ಟರ್, ಒಂದಕ್ಕೆ 2,500. ಮೊದಲನೆಯದು ಯಂತ್ರದ ಜೊತೆಗೇ ಬರುವುದರಿಂದ ಇನ್ನು ನಾಲ್ಕು, ಅಲ್ಲಿಗೆ 10,000. 45 ವ್ಯಾಟಿನ ಯಂತ್ರ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಐದು ವರ್ಷಕ್ಕೆ 5,800ರ ಆಸುಪಾಸು. ಎಲ್ಲ ಕೂಡಿದರೆ ಹತ್ತಿರಹತ್ತಿರ 31,000, ಅಂದರೆ ತಿಂಗಳಿಗೆ ಐನೂರರ ಮೇಲೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಪಡೆಯುವ ಮನೆಗಳಿಗೆ ಇನ್ನೊಂದು ಪೆಟ್ಟಿದೆ. ತಿಂಗಳಿಗೆ 190 ಯೂನಿಟ್ ಬಳಸುವ ಮನೆಗೆ ಈ 16 ಸೇರಿದರೆ 206 ಆಯಿತು. 200 ದಾಟಿದ ತಿಂಗಳು ಅಷ್ಟೂ ಯೂನಿಟ್ಟಿಗೆ ಬಿಲ್ಲು ಕಟ್ಟಬೇಕು. ಅದೇ ಲೆಕ್ಕದಲ್ಲಿ 1,200 ರೂಪಾಯಿಗೂ ಹೆಚ್ಚು, ನಿಗದಿತ ಶುಲ್ಕ ಬೇರೆ. ಯಂತ್ರ ಗಾಳಿಯನ್ನು ಶುದ್ಧಗೊಳಿಸುವ ವೇಗ ಹೇಳುವ ಸಿಎಡಿಆರ್ ನೋಡಿ ಕೊಂಡಿದ್ದೇವೆ ಎಂದು ಸಮಾಧಾನಪಡುವವರೂ ಗಮನಿಸಬೇಕು: ಡಬ್ಬದ ಮೇಲಿನ ಆ ಅಂಕಿ ಫ್ಯಾನಿನ ಗರಿಷ್ಠ ವೇಗದ್ದು. ಆ ಸದ್ದಿನಲ್ಲಿ ಯಾರೂ ಮಲಗುವುದಿಲ್ಲ, ವೇಗ ತಗ್ಗಿಸಿಯೇ ಮಲಗುತ್ತಾರೆ.

ಇಷ್ಟು ಹಣಕ್ಕೆ ಸಿಗುವುದೇನು? ಮಲಗುವ ಕೋಣೆಯ ಅಲರ್ಜಿಗೆ ದೊಡ್ಡ ಕಾರಣಗಳಲ್ಲೊಂದು ಧೂಳಿನ ನುಸಿ. ತೆಂಗು ಬೆಳೆಯುವವರಿಗೆ ನುಸಿ ಪೀಡೆ ಗೊತ್ತು. ಇದು ಅದರ ದೂರದ ಬಂಧು, ಕಣ್ಣಿಗೆ ಕಾಣದಷ್ಟು ಚಿಕ್ಕದು. ಮನೆಧೂಳಿನ ಅಲರ್ಜಿಗೆ ಈ ನುಸಿ ಮೂಲವೆಂದು 1964ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಫೋರ್‌ಹಾರ್ಸ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಹಾಸಿಗೆ, ದಿಂಬು, ರಜಾಯಿಗಳಲ್ಲಿ ಅದು ಬದುಕುತ್ತದೆ. ಸೀನು ತರಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಒಂದೊಂದು ಕಾಳು ಸುಮಾರು 20 ಮೈಕ್ರಾನ್, ಗಾಳಿಯಲ್ಲಿ ತೇಲುವುದಕ್ಕೆ ತೀರ ಭಾರ. ಬೆಳಗ್ಗೆ ಹೊದಿಕೆ ಕೊಡವಿದಾಗ ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ಕುಣಿಯುತ್ತದಲ್ಲ, ಅದರ ಜೊತೆ ಈ ಕಾಳುಗಳೂ ಏಳುತ್ತವೆ, ಅರ್ಧ ಗಂಟೆಯೊಳಗೆ ಹೆಚ್ಚಿನವು ಮತ್ತೆ ಕೆಳಗೆ ಕೂರುತ್ತವೆ. 0.3 ಮೈಕ್ರಾನಿನ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತೇವೆ ಎಂಬ ಹೆಪಾ ಮಾತು ಸುಳ್ಳಲ್ಲ. ಆದರೆ ಹಿಡಿಯಬೇಕಾದರೆ ಕಣ ಯಂತ್ರದವರೆಗೆ ಬರಬೇಕು. ಇಡೀ ರಾತ್ರಿ ಮುಖ ಒತ್ತಿ ಮಲಗಿದ ದಿಂಬು ಮೂಗಿಗೆ ತಾಗಿಕೊಂಡಿದೆ, ಯಂತ್ರ ಆರು ಅಡಿ ಆಚೆ ಮೂಲೆಯಲ್ಲಿದೆ.

ಮಾರುವವರು ವರ್ಷ ಕಳೆದ ಫಿಲ್ಟರನ್ನು ತೆಗೆದು, ಬೂದು ಬಣ್ಣಕ್ಕೆ ತಿರುಗಿದ ಅದರ ಮಡಿಕೆಗಳನ್ನು ತೋರಿಸುತ್ತಾರೆ: ಇದೆಲ್ಲ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತಿತ್ತು ನೋಡಿ! ಸಿಕ್ಕಿಬಿದ್ದದ್ದು ಎಷ್ಟು ಎಂಬುದಕ್ಕೆ ಅದು ಸಾಕ್ಷಿ, ಹಾಸಿಗೆಯಲ್ಲಿ ಉಳಿದದ್ದು ಎಷ್ಟು ಎಂಬುದಕ್ಕಲ್ಲ. ಇನ್ನು ಫಿಲ್ಟರೇ ಬೇಡವೆನ್ನುವ ಅಯೊನೈಸರ್‌ಗಳ ವಿಷಯದಲ್ಲಿ ನನಗೆ ತಾಳ್ಮೆಯೇ ಇಲ್ಲ. ಕಣಗಳಿಗೆ ವಿದ್ಯುದಂಶ ತುಂಬಿ ಅವನ್ನು ಗೋಡೆಗೂ ನೆಲಕ್ಕೂ ಅಂಟಿಸುವುದು ಅವುಗಳ ಕೆಲಸ. ನುಸಿಯ ಹಿಕ್ಕೆ ತಾನಾಗಿಯೇ ನೆಲಕ್ಕಿಳಿಯುತ್ತದೆ. ಮೇಲಾಗಿ ಕೆಲವು ಓಝೋನ್ ಬಿಡುತ್ತವೆ, ಅದು ಉಬ್ಬಸದವರ ಶ್ವಾಸನಾಳಕ್ಕೆ ನೇರ ಹಾನಿ. ಅಂಥದ್ದಕ್ಕೆ ಒಂದು ರೂಪಾಯಿಯೂ ದಂಡ.

ಹಾಗಾದರೆ ಯಂತ್ರ ಯಾರಿಗೂ ಬೇಡವೇ? ಬೇಕು. ಬೆಕ್ಕಿನ ಅಲರ್ಜಿಕಾರಕ ಸಣ್ಣ ಕಣಗಳ ಮೇಲೇರಿ ಗಂಟೆಗಟ್ಟಲೆ ತೇಲುತ್ತದೆ, ಹೊಗೆಯೂ ಅಷ್ಟೆ. ಮುಖ್ಯರಸ್ತೆಯ ಮನೆಗೆ, ಚಳಿಗಾಲದ ದೆಹಲಿಯಲ್ಲಿರುವ ಕನ್ನಡಿಗರಿಗೆ ಇದೇ 31,000 ಬೇರೆಯೇ ಲೆಕ್ಕ. ಯಂತ್ರದ ಬದಲು ಹಾಸಿಗೆಗೆ ಗವಸು ಹಾಕಿ ಎಂದರೆ ಬರುವ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನುಸಿ ತಡೆಯುವ ಹಾಸಿಗೆ ಗವಸಿನಿಂದ ಏನೂ ಆಗುವುದಿಲ್ಲ ಎಂದು ಸಂಶೋಧನೆಯೇ ಹೇಳಿದೆಯಲ್ಲ? ಹೇಳಿದೆ. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಉಬ್ಬಸವಿದ್ದ 1,122 ವಯಸ್ಕರಿಗೆ ಬರೀ ಗವಸಿನಿಂದ ಪ್ರಯೋಜನ ಕಾಣಲಿಲ್ಲ. ಆದರೆ ಮರುವರ್ಷ ಅಮೆರಿಕದ ಏಳು ನಗರಗಳ 937 ಮಕ್ಕಳ ಅಧ್ಯಯನ ಬೇರೆ ದಾರಿ ಹಿಡಿಯಿತು. ಚರ್ಮದ ಪರೀಕ್ಷೆಯಿಂದ ಯಾವ ಮಗುವಿಗೆ ಯಾವುದು ಆಗದು ಎಂದು ತಿಳಿದುಕೊಂಡು, ಅದಕ್ಕೆ ತಕ್ಕಂತೆ ಗವಸು, ಗುಡಿಸುವಿಕೆ, ಜಿರಲೆ ನಿವಾರಣೆ, ಬೇಕಾದ ಕಡೆ ಪ್ಯೂರಿಫೈಯರ್, ಎಲ್ಲವನ್ನೂ ಒಟ್ಟಿಗೆ ಕೊಟ್ಟಿತು. ಉಬ್ಬಸ ಕಾಡುವ ದಿನಗಳು ಕಡಿಮೆಯಾದವು. ನನ್ನ ವಾದಕ್ಕೆ ಆಧಾರ ಇದು. ಮೊದಲ ಹಣ ಸ್ಕಿನ್ ಪ್ರಿಕ್ ಪರೀಕ್ಷೆಗೆ ಹೋಗಬೇಕು. ಕಾಂಗ್ರೆಸ್ ಗಿಡದ ಪರಾಗವೋ, ಜಿರಲೆಯೋ, ನುಸಿಯೋ ಗೊತ್ತಿಲ್ಲದೆ ಮಾಡುವ ಯಾವ ಖರ್ಚೂ ಕುರುಡು ಖರ್ಚೇ.

ನುಸಿ ಎಂದು ಗೊತ್ತಾದರೆ ಉಳಿದ ಕೆಲಸಕ್ಕೆ ಹಣಕ್ಕಿಂತ ರೂಢಿ ಬೇಕು, ನಾವು ಜಾರುವುದು ಅಲ್ಲೇ. ಹಾಸುಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ನುಸಿ ಸಾಯುತ್ತದೆ. ತಣ್ಣೀರಲ್ಲಿ ಒಗೆದರೂ ಹಿಕ್ಕೆಯ ಅಂಶ ಬಹಳಷ್ಟು ತೊಳೆದುಹೋಗುತ್ತದೆ. ಒಣ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳನ್ನು ಎಬ್ಬಿಸಿದಂತೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಜ್ಜಿಯರು ಹಾಸಿಗೆಯನ್ನು ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದುದು ಸರಿಯಾದ ಕೆಲಸ, ಬಿಸಿಲು ತೇವವನ್ನು ಹೀರಿ ನುಸಿಯನ್ನು ಒಣಗಿಸುತ್ತದೆ; ಬಡಿಯುವಾಗ ಅಲರ್ಜಿ ಇರುವವರು ಹತ್ತಿರ ಇರಬಾರದು, ಅಷ್ಟೆ. ಈಗಿನ ಫ್ಲ್ಯಾಟುಗಳಲ್ಲಿ ಮಳೆಗಾಲದ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿ, ಕಿಟಕಿ ಮುಚ್ಚಿ, ಪಕ್ಕದಲ್ಲಿ ಯಂತ್ರ ಓಡಿಸುತ್ತೇವೆ. ಗಾಳಿಯ ತೇವ 50 ಶೇಕಡಾಕ್ಕಿಂತ ಕೆಳಗಿಳಿದರೆ ನುಸಿ ಬಾಳಲಾರದು, ನಾವೇ ಅದಕ್ಕೆ ತೇವ ಒದಗಿಸುತ್ತೇವೆ. ಆಷಾಢದ ಮಂಗಳೂರಿನಲ್ಲಂತೂ ಹೊರಗಿನ ಗಾಳಿಯೇ 80 ಮೀರಿರುವಾಗ ಕಿಟಕಿ ತೆರೆದೂ ಫಲವಿಲ್ಲ; ಅಲ್ಲಿ ಗವಸು ಮತ್ತು ಬಿಸಿನೀರೇ ಗತಿ. ಹತ್ತು ವರ್ಷದ ಬೂರುಗದ ಹತ್ತಿಯ ದಿಂಬು ಇನ್ನೂ ಮಂಚದ ಮೇಲಿದ್ದರೆ ಈ ಸಲ ಫಿಲ್ಟರ್ ಬದಲಿಸುವ ಮುನ್ನ ಆ ದಿಂಬನ್ನು ಬದಲಿಸಿ. 2,500 ರೂಪಾಯಿಯಲ್ಲಿ ಹೊಸ ದಿಂಬು ಬಂದು ಅದಕ್ಕೊಂದು ಜಿಪ್ ಗವಸಿಗೂ ಹಣ ಉಳಿಯುತ್ತದೆ.