ಮನೆಯ ಕೋವಿ, ವ್ಯಕ್ತಿಯ ಪರವಾನಗಿ

ಮಲೆನಾಡಿನ ಹಳೆಯ ಮನೆಗಳಲ್ಲಿ ಯಜಮಾನನು ತೀರಿಕೊಂಡ ಮೇಲೆ, ಉತ್ತರಕ್ರಿಯೆಗಳು ಮುಗಿದು ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ತೆರಳಿ, ಮಕ್ಕಳು ಜಮೀನಿನ ಪೌತಿ ಖಾತೆಗಾಗಿಯೂ ಬ್ಯಾಂಕಿನ ಲೆಕ್ಕಕ್ಕಾಗಿಯೂ ಕಾಗದಪತ್ರಗಳನ್ನು ಹುಡುಕತೊಡಗಿದಾಗ, ಎಲ್ಲಕ್ಕಿಂತ ಮೊದಲು ವಿಲೇವಾರಿಯಾಗಬೇಕಾದ ಒಂದು ವಸ್ತುವು ಮಾತ್ರ ಯಾರ ಗಮನಕ್ಕೂ ಬಾರದೆ ಒಳಕೋಣೆಯ ಗೋಡೆಯ ಮೇಲೆ ಉಳಿದುಬಿಡುತ್ತದೆ. ಅದು ಕೋವಿ. ಅಜ್ಜನ ಕಾಲದಿಂದ ಬಂದ ಆಯುಧವೆಂಬ ಗೌರವವೂ, ತೋಟ ಕಾಯಲು ಬೇಕೇಬೇಕೆಂಬ ಅಗತ್ಯವೂ, ಅದು ಮನೆಯ ಸ್ವತ್ತೇ ಅಲ್ಲವೆ ಎಂಬ ನೆಮ್ಮದಿಯೂ ಸೇರಿ, ಕಾನೂನಿನ ವಿಷಯವನ್ನು ಮರೆಸಿಬಿಡುತ್ತವೆ. ಆದರೆ ಶಸ್ತ್ರ ಕಾಯಿದೆಯ ದೃಷ್ಟಿಯಲ್ಲಿ ಪರವಾನಗಿಯು ಮನೆತನಕ್ಕೆ ಕೊಟ್ಟದ್ದಲ್ಲ, ಹೆಸರಿಸಿದ ಒಬ್ಬ ವ್ಯಕ್ತಿಗೆ ಕೊಟ್ಟದ್ದು. ಆತನು ಕಾಲವಾದ ಬಳಿಕ ಅದೇ ಕೋವಿಯನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡವರು ಪರವಾನಗಿಯಿಲ್ಲದ ಆಯುಧವನ್ನು ಇಟ್ಟುಕೊಂಡವರೇ ಆಗುತ್ತಾರೆ. ಆ ಅಪರಾಧಕ್ಕೆ 2019ರ ತಿದ್ದುಪಡಿಯ ಅನಂತರ 2ರಿಂದ 5 ವರ್ಷಗಳವರೆಗೆ ಸೆರೆವಾಸವೂ ದಂಡವೂ ಉಂಟು. ಯಾವ ದುರುದ್ದೇಶವೂ ಇಲ್ಲದ ಸಜ್ಜನರು ಕೇವಲ ಅಜ್ಞಾನದಿಂದ ಇಂಥ ಸಂಕಟಕ್ಕೆ ಸಿಲುಕಬಾರದೆಂಬುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಶಸ್ತ್ರಧಾರಣೆಯು ಮೂಲಭೂತ ಹಕ್ಕಲ್ಲವೆಂಬುದನ್ನು ಮೊದಲು ಗ್ರಹಿಸತಕ್ಕದ್ದು. ಲಿಟ್ಟನ್ನನು ವೈಸರಾಯಿಯಾಗಿದ್ದಾಗ 1878ರಲ್ಲಿ ಬಂದ ಕಾಯಿದೆಯು ಭಾರತೀಯರನ್ನು ನಿರಾಯುಧರನ್ನಾಗಿಸಿದ ಅವಮಾನವು ರಾಷ್ಟ್ರೀಯ ಹೋರಾಟದ ನಾಯಕರ ಮನಸ್ಸಿನಲ್ಲಿ ಎಷ್ಟು ಆಳವಾಗಿ ನಾಟಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ನಿಯಮಾನುಸಾರವಾಗಿ ಶಸ್ತ್ರವನ್ನು ಹೊಂದುವ ಹಕ್ಕೂ ಸೇರಿತ್ತು. ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಸಂವಿಧಾನದೊಳಗೆ ತರಲು ತಿದ್ದುಪಡಿಯನ್ನು ಸೂಚಿಸಿದರು. ಅಂಬೇಡ್ಕರರು ಅದನ್ನು ವಿರೋಧಿಸಿದರು, ಸಭೆಯು ಅಂಗೀಕರಿಸಲಿಲ್ಲ. ಅಂದು ಸಭೆಯು ವಿವೇಕದಿಂದಲೇ ವರ್ತಿಸಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ನಮ್ಮನ್ನು ಆಳುತ್ತಿರುವುದು 1959ರ ಶಸ್ತ್ರ ಕಾಯಿದೆ ಮತ್ತು 2016ರ ಶಸ್ತ್ರ ನಿಯಮಗಳು.

ವಾರಸುದಾರರು ಮಾಡಬೇಕಾದದ್ದು

ಯಜಮಾನನ ಮರಣವಾದ ಕೂಡಲೆ, ಅನಾವಶ್ಯಕವಾದ ಯಾವ ವಿಳಂಬಕ್ಕೂ ಎಡೆಗೊಡದೆ, ಕೋವಿಯನ್ನೂ ಉಳಿದಿರುವ ತೋಟಾಗಳನ್ನೂ ಪರವಾನಗಿಯ ಪುಸ್ತಕವನ್ನೂ ಸಮೀಪದ ಪೊಲೀಸ್ ಠಾಣೆಗೆ ಅಥವಾ ಪರವಾನಗಿಯುಳ್ಳ ಬಂದೂಕು ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯುವುದು ಮೊದಲನೆಯ ಹೆಜ್ಜೆ. ಕೋವಿಯ ಮೇಲೆ ಕೊರೆದ ಸಂಖ್ಯೆ, ನಳಿಗೆಗಳೆಷ್ಟು, ತೋಟಾಗಳೆಷ್ಟು ಎಂಬ ವಿವರಗಳೆಲ್ಲವೂ ರಸೀದಿಯಲ್ಲಿ ಸ್ಪಷ್ಟವಾಗಿ ನಮೂದಾಗಿವೆಯೆ ಎಂದು ಅಲ್ಲಿಯೇ ನಿಂತು ಓದಿ ನೋಡತಕ್ಕದ್ದು. ವರ್ಷ ಕಳೆದ ಮೇಲೆ ಠಾಣೆಯ ಸಿಬ್ಬಂದಿ ಬದಲಾಗಿರುವಾಗ ವಸ್ತುವನ್ನು ಗುರುತಿಸಲು ಆ ಕಾಗದದ ಹೊರತು ಬೇರೆ ಸಾಕ್ಷಿ ಇರುವುದಿಲ್ಲ.

ಎರಡನೆಯದಾಗಿ, ಕೋವಿಯನ್ನು ಯಾರು ಇಟ್ಟುಕೊಳ್ಳಬೇಕೆಂಬುದನ್ನು ಮನೆಯವರು ಕುಳಿತು ನಿಶ್ಚಯಿಸಿ, ಇತರ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಮರಣ ಪ್ರಮಾಣಪತ್ರ, ವಂಶವೃಕ್ಷ, ಠೇವಣಿಯ ರಸೀದಿ ಇವುಗಳೊಡನೆ ಆ ಒಬ್ಬರ ಹೆಸರಿನಲ್ಲಿ ಹೊಸ ಪರವಾನಗಿಗೆ ಅರ್ಜಿ ಹಾಕಬೇಕು. ಪರವಾನಗಿ ಸಿಕ್ಕಿದ ಮೇಲೆಯೇ ಕೋವಿ ಮನೆಗೆ ಮರಳತಕ್ಕದ್ದು. ಠೇವಣಿಯಲ್ಲಿಟ್ಟ ಆಯುಧವನ್ನು ನಿಯತ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಜಿಲ್ಲಾ ದಂಡಾಧಿಕಾರಿಯ ಆದೇಶದ ಮೇರೆಗೆ ಸರ್ಕಾರದ ಪಾಲಾಗಬಹುದಾದ್ದರಿಂದ, ಅಣ್ಣತಮ್ಮಂದಿರ ಆಸ್ತಿಯ ವ್ಯಾಜ್ಯ ಮುಗಿಯಲೆಂದು ಇದನ್ನೂ ಮುಂದೂಡುವುದು ಸರಿಯಲ್ಲ. ಯಾರಿಗೂ ಬೇಡವಾದರೆ ಪರವಾನಗಿಯುಳ್ಳ ವ್ಯಾಪಾರಿಗೆ ಮಾರಬಹುದು.

ಇದಕ್ಕಿಂತಲೂ ಉತ್ತಮವಾದ ಮಾರ್ಗವೊಂದನ್ನು ನಿಯಮಗಳೇ ತೋರಿಸಿಕೊಟ್ಟಿವೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಆತನು ಕೋವಿಯನ್ನು 25 ವರ್ಷಗಳ ಕಾಲ ಇಟ್ಟುಕೊಂಡಿದ್ದರೆ, ತನ್ನ ಜೀವಿತಕಾಲದಲ್ಲಿಯೇ ವಾರಸುದಾರನೊಬ್ಬನ ಹೆಸರಿಗೆ ಅದನ್ನು ಬಿಟ್ಟುಕೊಡಲು ಅವಕಾಶವುಂಟು. ವೃದ್ಧರಿರುವ ಮನೆಗಳಲ್ಲಿ ಮಕ್ಕಳು ಈ ಮಾತನ್ನು ಸಂಕೋಚದಿಂದ ಎತ್ತದೆ ಇರುವುದುಂಟು. ಎತ್ತಲೇಬೇಕು, ಹಿರಿಯರು ತಾವೇ ಎತ್ತಿದರೆ ಇನ್ನೂ ಲೇಸು.

ಹೊಸದಾಗಿ ಅರ್ಜಿ ಹಾಕುವವರಿಗೆ

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಗೊಳಗಾದವನು ಶಿಕ್ಷೆ ಮುಗಿದ ಮೇಲೆಯೂ 5 ವರ್ಷಗಳ ಕಾಲ ಅನರ್ಹನು, ಚಿತ್ತಸ್ವಾಸ್ಥ್ಯವಿಲ್ಲದವನೂ ಅನರ್ಹನು. ಸ್ವಯಂಚಾಲಿತ ಆಯುಧಗಳೂ, ಸೇನೆಯ ಬಳಕೆಗೆಂದು ಮೀಸಲಾದ ವ್ಯಾಸದ ಆಯುಧಗಳೂ ನಿಷೇಧಿತ ವರ್ಗಕ್ಕೆ ಸೇರಿದ್ದು, ಅವುಗಳ ವಿಚಾರವು ಕೇಂದ್ರ ಗೃಹ ಸಚಿವಾಲಯಕ್ಕೆ ಸಂಬಂಧಿಸಿದೆ. ಸಾಮಾನ್ಯ ನಾಗರಿಕನು ಬಯಸತಕ್ಕ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆಯ ಕೋವಿ, .32 ವ್ಯಾಸದ ರಿವಾಲ್ವರು, .315 ರೈಫಲು ಮೊದಲಾದವುಗಳಿಗೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯವರೂ, ಪೊಲೀಸ್ ಆಯುಕ್ತರಿರುವ ನಗರಗಳಲ್ಲಿ ಆಯುಕ್ತರೂ ಪರವಾನಗಿ ಕೊಡುತ್ತಾರೆ.

ಅರ್ಜಿಯು ಎ-1 ನಮೂನೆಯಲ್ಲಿರತಕ್ಕದ್ದು. ಅದರೊಡನೆ ಗುರುತಿನ, ವಯಸ್ಸಿನ ಮತ್ತು ವಿಳಾಸದ ದಾಖಲೆಗಳು, ದೇಹ ಹಾಗೂ ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಹೊಂದಿದ್ದಕ್ಕೆ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ ಇವುಗಳನ್ನು ಲಗತ್ತಿಸಬೇಕು. ಬೆಳೆ ರಕ್ಷಣೆಗಾಗಿ ಕೇಳುವವರು ಪಹಣಿಯನ್ನು ಸೇರಿಸಲು ಮರೆಯಬಾರದು. ಕೋವಿ ಏಕೆ ಬೇಕೆಂಬ ಅಂಕಣದಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಮಾತನ್ನು ಬರೆದು ಕೈಬಿಡುವುದು ಅರ್ಜಿಯನ್ನು ದುರ್ಬಲಗೊಳಿಸುತ್ತದೆ. ಮನೆಯು ನೆರೆಹೊರೆಯಿಂದ ಎಷ್ಟು ದೂರವಿದೆ, ಯಾವ ಪ್ರಾಣಿಯಿಂದ ಯಾವ ಬೆಳೆಗೆ ಎಂತಹ ಹಾನಿಯಾಗಿದೆ, ಹಿಂದೆ ಠಾಣೆಗೆ ದೂರು ಕೊಟ್ಟಿದ್ದರೆ ಅದರ ಪ್ರತಿ ಎಲ್ಲಿದೆ ಎಂಬುದನ್ನು ಸತ್ಯವಾಗಿ ವಿಸ್ತರಿಸಿ ಬರೆಯುವುದೇ ಕ್ರಮ.

ಪೊಲೀಸರ ವರದಿಗೆ 30 ದಿನಗಳೂ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನಗಳೂ ನಿಯಮಗಳಲ್ಲಿ ಗೊತ್ತುಪಡಿಸಿದ ಅವಧಿ. ವರದಿಯು ಸಕಾಲಕ್ಕೆ ಬಾರದಿದ್ದರೆ ಅದಕ್ಕಾಗಿ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯಿದೆಯು ಕೊಟ್ಟಿದೆ. ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಬಡವನ ಅರ್ಜಿಯನ್ನು ತಿರಸ್ಕರಿಸಲಾಗದೆಂಬ 14ನೆಯ ಪ್ರಕರಣದ ಮಾತು ಹೆಚ್ಚು ಜನಕ್ಕೆ ತಿಳಿದಿಲ್ಲ, ತಿಳಿದಿರಬೇಕಾದದ್ದು. ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು, 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪರವಾನಗಿಯ ಅವಧಿಯು ಹಿಂದೆ 3 ವರ್ಷವಿದ್ದುದು 2019ರ ತಿದ್ದುಪಡಿಯಿಂದ 5 ವರ್ಷವಾಗಿದೆ. ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು 3ರಿಂದ 2ಕ್ಕೆ ಇಳಿದಿದೆ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಕೊಡುವುದು ಕ್ಷೇಮ. ತೋಟಾಗಳ ಮಿತಿಯೂ ಪರವಾನಗಿ ಸಲ್ಲುವ ಪ್ರದೇಶವೂ ಪುಸ್ತಕದಲ್ಲಿಯೇ ಬರೆದಿರುತ್ತವೆ. ಮದುವೆ, ಜಾತ್ರೆ, ವಿಜಯೋತ್ಸವಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಅನ್ಯರ ಜೀವವನ್ನು ಅಪಾಯಕ್ಕೊಡ್ಡಿದರೆ 2 ವರ್ಷಗಳವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಬೆಳೆ, ಕಾಡು ಮತ್ತು ಕೇಪಿನ ಕೋವಿ

ಬೆಳೆಯ ನೈಜ ರಕ್ಷಣೆಗಾಗಿ ಮದ್ದು ತುಂಬುವ ಕೇಪಿನ ಕೋವಿಯನ್ನು ಕೇಳುವ ರೈತನ ಬಗ್ಗೆ ಕಾಯಿದೆಯು ಸಹಾನುಭೂತಿಯನ್ನೇ ತೋರಿದೆ: ಅನರ್ಹತೆಯೇನೂ ಇಲ್ಲದಿದ್ದರೆ ಅಂಥವನಿಗೆ ಪರವಾನಗಿಯನ್ನು ಕೊಡತಕ್ಕದ್ದೆಂದು 13ನೆಯ ಪ್ರಕರಣವು ಹೇಳುತ್ತದೆ. ಆದರೆ ಇಲ್ಲಿ ಒಂದು ಭ್ರಮೆ ಬಹುಕಾಲದಿಂದ ಬೇರೂರಿದೆ. ಬೆಳೆ ರಕ್ಷಣೆಯ ಪರವಾನಗಿಯು ಕೋವಿಯನ್ನು ಇಟ್ಟುಕೊಳ್ಳಲು ಅನುಮತಿಯೇ ಹೊರತು ವನ್ಯಪ್ರಾಣಿಯನ್ನು ಕೊಲ್ಲಲು ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶದಿಂದ ಒಪ್ಪಿರಬೇಕು. ಹಂದಿಯ ಹಾವಳಿಯಿಂದ ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಕಳೆದುಕೊಂಡವನ ಸಂಕಟವನ್ನು ಬಲ್ಲೆನಾದರೂ, ಆದೇಶವಿಲ್ಲದೆ ಹಾರಿಸಿದ ಗುಂಡಿನಿಂದ ಗದ್ದೆಯೂ ಉಳಿಯದೆ ಪರವಾನಗಿಯೂ ಹೋಗಿ ಸೆರೆಮನೆಯೂ ಕಾಣುವುದೆಂದು ಎಚ್ಚರಿಸದಿರಲಾರೆ.

ಅಭಯಾರಣ್ಯದ ಸುತ್ತ 10 ಕಿಲೋಮೀಟರು ವ್ಯಾಪ್ತಿಯಲ್ಲಿ ವಾಸಿಸುವವರಿಗೆ ಇನ್ನೂ ಒಂದು ನಿಬಂಧನೆಯುಂಟು. ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಿದ 3 ತಿಂಗಳೊಳಗೆ ಅಲ್ಲಿನ ಪರವಾನಗಿದಾರರು ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಪಶ್ಚಿಮಘಟ್ಟದ ಅನೇಕ ಗ್ರಾಮಗಳು ಈ ಪರಿಧಿಯೊಳಗೆ ಬರುವುದರಿಂದ ಅರ್ಜಿಯ ಮುನ್ನವೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಹೊರಡುವುದು ಎಲ್ಲರಿಗೂ ಪರಿಚಿತವೇ. ಬೆಳೆ ಕೈಗೆ ಬರುವ ಕಾಲದಲ್ಲಿಯೇ ಇದು ಬಂದೊದಗಿದರೆ ರೈತನಿಗೆ ಕಷ್ಟ. ಆದರೆ ಇದು ಕಣ್ಣುಮುಚ್ಚಿ ಎಲ್ಲರಿಗೂ ಅನ್ವಯಿಸಬೇಕಾದದ್ದಲ್ಲ: ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಗಳಲ್ಲಿ ಭಾಗಿಗಳಾದವರು ಇಂತಹವರನ್ನು ಪರಿಶೀಲನಾ ಸಮಿತಿಯು ಪ್ರತ್ಯೇಕಿಸಿ ನೋಡಬೇಕೆಂಬುದು ಚುನಾವಣಾ ಆಯೋಗದ ಕ್ರಮ. ಆದುದರಿಂದ ತೋಟದ ಮಧ್ಯದಲ್ಲಿ ಒಂಟಿಮನೆಯುಳ್ಳವರು ವಿನಾಯಿತಿ ಕೋರಿ, ಪಹಣಿಯ ಪ್ರತಿಯೊಡನೆ, ಸೂಚನೆ ಬಂದ ದಿನವೇ ಸಮಿತಿಗೆ ಲಿಖಿತ ಮನವಿ ಕೊಡಬಹುದು. ಮನವಿ ಇತ್ಯರ್ಥವಾಗುವ ತನಕ ಸೂಚನೆಯನ್ನು ಉಲ್ಲಂಘಿಸಬಾರದು.

ಹೊರನಾಡುಗಳಲ್ಲಿ ನೆಲೆಸಿದವರಿಗೆ

ಅಮೆರಿಕದಲ್ಲಿ 1791ರ ಎರಡನೆಯ ಸಂವಿಧಾನ ತಿದ್ದುಪಡಿಯಿಂದ ಶಸ್ತ್ರವು ಹಕ್ಕೆನಿಸಿಕೊಂಡಿದೆಯೆಂಬ ಕಾರಣದಿಂದ, ಅಲ್ಲಿಗೆ ಉದ್ಯೋಗಕ್ಕೆಂದು ತೆರಳಿದ ನಮ್ಮ ತರುಣರಲ್ಲಿ ಕೆಲವರು ತಮಗೂ ಅದು ಅನ್ವಯಿಸುವುದೆಂದು ಭಾವಿಸುತ್ತಾರೆ. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನು ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಅಲ್ಲಿನ ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆಯ ಪರವಾನಗಿಯುಳ್ಳವರಿಗೆ ವಿನಾಯಿತಿಯುಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ವ್ಯಾಪಾರಿಯಲ್ಲಿ ತುಂಬುವ ನಮೂನೆಯಲ್ಲಿ ಗೊತ್ತಿದ್ದೂ ಸುಳ್ಳು ಉತ್ತರ ಕೊಡುವುದು ಘೋರಾಪರಾಧ, ಮತ್ತು ಅದರಿಂದ ವೀಸಾಕ್ಕೂ ಅಪಾಯ. ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಅನಂತರ ಬಂದ 1997ರ ಕಾಯಿದೆಗಳಿಂದ ಕೈಬಂದೂಕುಗಳು ಬಹುಮಟ್ಟಿಗೆ ನಿಷಿದ್ಧವಾದವು. ಆಸ್ಟ್ರೇಲಿಯಾದಲ್ಲಿ 1996ರಲ್ಲಿಯೇ ನಡೆದ ಪೋರ್ಟ್ ಆರ್ಥರ್ ಹತ್ಯಾಕಾಂಡದ ಬಳಿಕ ನಿಯಮಗಳು ಬಿಗಿಯಾಗಿ, ಆತ್ಮರಕ್ಷಣೆಯನ್ನು ಪರವಾನಗಿಗೆ ಯೋಗ್ಯವಾದ ಕಾರಣವೆಂದೇ ಪರಿಗಣಿಸುವುದಿಲ್ಲ.

ಕೊಡಗಿನ ವಿಶೇಷ

ದೂರದೇಶಗಳ ಮಾತಿರಲಿ, ನಮ್ಮ ರಾಜ್ಯದೊಳಗೆಯೇ ಒಂದು ಜಿಲ್ಲೆಯಲ್ಲಿ ನಿಯಮವು ಬೇರೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿ, 1857ರ ದಂಗೆಯ ಬಳಿಕ ದೇಶದೆಲ್ಲೆಡೆ ನಿಶ್ಶಸ್ತ್ರೀಕರಣವು ನಡೆದಾಗ, 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ನರ ಘೋಷಣೆಯಿಂದ ಕೊಡವರು ಅದರಿಂದ ಹೊರಗುಳಿದರು. ಆ ವಿನಾಯಿತಿಯು ಸ್ವಾತಂತ್ರ್ಯಾನಂತರದ ಕಾಯಿದೆಯ 41ನೆಯ ಪ್ರಕರಣದಡಿಯೂ ಮುಂದುವರಿದು, ಇಂದಿಗೂ ಕೊಡವ ಜನಾಂಗದವರಿಗೂ, ಯಾವ ಜಾತಿಯವರೇ ಆಗಲಿ ಜಮ್ಮಾ ಹಿಡುವಳಿದಾರರಿಗೂ ಸಲ್ಲುತ್ತದೆ. ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯೇ ಜಮ್ಮಾ. ಕೈಲ್‌ಪೊಳ್ದು ಹಬ್ಬದಂದು ತೋಕನ್ನು, ಎಂದರೆ ಕೋವಿಯನ್ನು, ಹೂವಿನಿಂದ ಅಲಂಕರಿಸಿ ಪೂಜಿಸುವ, ಪುತ್ತರಿಯ ಸುಗ್ಗಿ ಹಬ್ಬದಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುವ, ಹುಟ್ಟುಸಾವುಗಳನ್ನು ಕೋವಿಯ ಸದ್ದಿನಿಂದಲೇ ಊರಿಗೆ ತಿಳಿಸುವ ಸಂಪ್ರದಾಯವನ್ನು ಕಂಡವರಿಗೆ ಈ ವಿನಾಯಿತಿಯು ಕೃಪೆಯಾಗಿ ತೋರದೆ ಆ ಜನರ ಬಾಳಿನ ಭಾಗವಾಗಿಯೇ ಕಾಣುತ್ತದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಇದರ ಸಿಂಧುತ್ವವನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿಯೆಂದರೆ ಕಾಗದವೇ ಬೇಡವೆಂದಲ್ಲ. ಕೊಡಗಿನ ಜಿಲ್ಲಾಧಿಕಾರಿಯವರಿಂದ ವಿನಾಯಿತಿ ಪ್ರಮಾಣಪತ್ರವನ್ನು ಪಡೆಯಬೇಕು, ಅದರಲ್ಲಿ ಕೋವಿಯ ವಿವರ ದಾಖಲಾಗಿರಬೇಕು, ಜಮ್ಮಾ ಆಧಾರದ ಮೇಲೆ ಕೇಳುವವರು ಭೂದಾಖಲೆಯನ್ನು ಒದಗಿಸಬೇಕು. ಐನ್‌ಮನೆಯ, ಎಂದರೆ ಕುಲದ ಮೂಲಮನೆಯ, ಕೋವಿಯಾದರೂ ಪ್ರಮಾಣಪತ್ರವಿರುವುದು ಒಬ್ಬರ ಹೆಸರಿನಲ್ಲಿಯೇ ಆದ್ದರಿಂದ, ಆ ಹೆಸರಿನವರು ಕಾಲವಾದಾಗ ಅಲ್ಲಿಯೂ ಬದಲಾವಣೆ ಮಾಡಿಸಿಕೊಳ್ಳಬೇಕು. 2019ರ ಅಕ್ಟೋಬರ್ 29ರ ಕೇಂದ್ರದ ಅಧಿಸೂಚನೆಯ ಮೇರೆಗೆ ಸದ್ಯದ ವಿನಾಯಿತಿಯು 2029ರ ಅಕ್ಟೋಬರ್ 31ರವರೆಗೆ ಮಾತ್ರ ಇರುವುದರಿಂದ, ಈಗಲೇ ಪ್ರಮಾಣಪತ್ರ, ಜಮ್ಮಾ ದಾಖಲೆ, ಕೋವಿಯ ಸಂಖ್ಯೆ ಈ ಮೂರನ್ನೂ ತಾಳೆನೋಡಿ ಪ್ರತಿಗಳನ್ನು ತೆಗೆದಿಟ್ಟುಕೊಂಡಿರುವ ಕುಟುಂಬಗಳಿಗೆ ಮುಂದಿನ ಅಧಿಸೂಚನೆಯು ಯಾವ ರೂಪದಲ್ಲಿ ಬಂದರೂ ತೊಡಕಾಗಲಾರದು.